ಕ್ಯಾರಿಯರ್ ಇಲ್ಲದ ಆ ಎರಡು ತಿಂಗಳು

ಸೈಕಲ್ ಮನೆಗೆ ಬಂದ ದಿನ ನನ್ನಾಕೆ ಅದರ ಸುತ್ತ ಮೂರು ಸುತ್ತು ಬಂದಳು. ಪ್ರದಕ್ಷಿಣೆ ಹಾಕುತ್ತಿದ್ದಾಳೆ ಅಂತ ನಾನು ಕೈಮುಗಿಯುವ ಭಂಗಿಯಲ್ಲಿ ನಿಂತಿದ್ದೆ. ನಡೆಯುತ್ತಿದ್ದದ್ದು ಆಡಿಟ್ಟು.

"ಸ್ಟ್ಯಾಂಡ್ ಎಲ್ಲಿ ರೀ?"

"ಇದಕ್ಕೆ ಬರಲ್ಲ."

"ಮಡ್‌ಗಾರ್ಡು?"

"ಅದೂ ಬರಲ್ಲ."

"ಚೈನ್ ಕವರು? ಕ್ಯಾರಿಯರು?"

ನಾನು ತಲೆಯಾಡಿಸಿದೆ. ಎಷ್ಟು ಕೊಟ್ರಿ ಅಂದಳು. 18 ಸಾವಿರ ಅಂದೆ. "ಏನೇನೂ ಇಲ್ಲದ್ದಕ್ಕೇ 18 ಸಾವಿರ. ಎಲ್ಲ ಇದ್ದಿದ್ರೆ ಎಷ್ಟಾಗ್ತಿತ್ತೋ!" ಅಂತ ಒಳಗೆ ಹೋದಳು. ಎಲ್ಲ ಇರುವ ಸೈಕಲ್ಲು ಅದೇ ಅಂಗಡಿಯಲ್ಲಿ ಇದರ ಅರ್ಧಕ್ಕಿಂತ ಕಡಿಮೆಗೆ ನಿಂತಿತ್ತು ಅನ್ನುವುದನ್ನು ನಾನು ಇವತ್ತಿಗೂ ಹೇಳಿಲ್ಲ. ಈ ಲೇಖನ ಓದಿದರೆ ಗೊತ್ತಾಗುತ್ತದೆ. ನಾನು ಬರೆದದ್ದನ್ನು ಅವಳು ಓದುವುದಿಲ್ಲವಾದ್ದರಿಂದ ಧೈರ್ಯ.

ಸೈಕಲ್ ತಂದದ್ದು ಶೋಕಿಗಲ್ಲ, ಸಕ್ಕರೆಗೆ. 52ನೇ ವಯಸ್ಸಿಗೆ ನನ್ನ ರಕ್ತದಲ್ಲಿ ಮೈಸೂರು ಪಾಕಿಗೆ ಆಗುವಷ್ಟು ಸರಕಿದೆ ಅಂತ ಡಾಕ್ಟರು ಕಂಡುಹಿಡಿದರು. ನಡೀರಿ ಇಲ್ಲವೇ ತುಳೀರಿ ಅಂದರು. ನಡೆದರೆ ಬೆಳಗ್ಗೆ ಐದಕ್ಕೆ ಏಳಬೇಕು; ತುಳಿದರೆ ಆಫೀಸಿಗೆ ಹೋಗುವ ಹೊತ್ತಿಗೇ ಆಗುತ್ತದೆ. ಕುವೆಂಪುನಗರದಿಂದ ಆಫೀಸಿಗೆ 6 ಕಿಲೋಮೀಟರ್. ಮೈಸೂರು ಸೈಕಲ್ಲಿಗೆ ಒಗ್ಗುವ ಊರೂ ಹೌದು. 2017ರಲ್ಲಿ 'ಟ್ರಿಣ್ ಟ್ರಿಣ್' ಅಂತ ಸಾರ್ವಜನಿಕ ಬಾಡಿಗೆ ಸೈಕಲ್ಲು ಶುರುವಾದದ್ದೂ ಇಲ್ಲೇ, 450 ಸೈಕಲ್ಲುಗಳೊಂದಿಗೆ. ಅದರಲ್ಲೇ ಓಡಾಡಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಾಡಿಗೆ ಸೈಕಲ್ಲಿಗೆ ಯಾರೂ ಕ್ಯಾರಿಯರ್ ಹುಡುಕಿಕೊಂಡು ಹೋಗುವುದಿಲ್ಲ.

ಆಮೇಲಿನ ಎರಡು ತಿಂಗಳನ್ನು ನನ್ನ ಸಂಸಾರದ ಸುವರ್ಣಯುಗ ಅಂತ ಕರೆಯುತ್ತೇನೆ. ಇಪ್ಪತ್ತೈದು ವರ್ಷ ಸ್ಕೂಟರಿನಲ್ಲಿ ಓಡಾಡಿದವನು ನಾನು. ಸ್ಕೂಟರಿಗೆ ಕಾಲಿಡುವ ಜಾಗವೊಂದಿದೆಯಲ್ಲ, ಅದು ಕಾಲಿಡುವುದಕ್ಕೆ ಮಾಡಿದ್ದು ಅಂತ ನಮ್ಮ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಅಲ್ಲಿ ಸಿಲಿಂಡರ್ ಕೂತಿದೆ, ಅಕ್ಕಿ ಮೂಟೆ ಕೂತಿದೆ, ಒಂದು ಸಲ ಗೌರಿ ಗಣೇಶ ಇಬ್ಬರೂ ಕೂತು ಬಂದಿದ್ದಾರೆ. ನನ್ನ ಕಾಲು ಮಾತ್ರ ಎರಡೂ ಕಡೆ ಗಾಳಿಯಲ್ಲಿ ತೇಲಿದ್ದೇ ಹೆಚ್ಚು. ಈಗ ಸ್ಕೂಟರು ಮಗಳ ಪಾಲಾಗಿ ನನ್ನ ಪಾಲಿಗೆ ಈ ಬೋಳು ಸೈಕಲ್ಲು ಬಂತು. "ಬರ್ತಾ ಎರಡು ಕಿಲೋ ಈರುಳ್ಳಿ ತರ್ತೀರಾ?" ಅಂತ ಫೋನು ಬಂದರೆ ನಾನು ಒಂದೇ ಮಾತು ಹೇಳುತ್ತಿದ್ದೆ: "ಎಲ್ಲಿಡಲಿ?"

ಅತ್ತ ಕಡೆ ಮೌನ. ಹೆಂಡತಿಯನ್ನು ಮೌನಕ್ಕೆ ದೂಡುವ ಪ್ರಶ್ನೆಯೊಂದು ಭಾಷೆಯಲ್ಲಿದೆ ಅಂತ ನನಗೆ ಗೊತ್ತಾಗಲು ಅರ್ಧ ಆಯುಷ್ಯ ಬೇಕಾಯಿತು. ಮತ್ತೆ ಅದನ್ನು ಕಳೆದುಕೊಂಡದ್ದೂ ನಾನೇ. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ನಾನೇ ಕರೆದು ಜಗಲಿಯಲ್ಲಿ ಕೂರಿಸಿದೆ.

ಆದದ್ದಿಷ್ಟು. ಆಫೀಸಿನ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ತುಳಿಯುತ್ತಿದ್ದೆ. ತಲುಪಿದಾಗ ಅಂಗಿಯ ಮೇಲೆ ಬ್ಯಾಗಿನ ಅಳತೆಯಲ್ಲೇ ಬೆವರಿನ ನಕ್ಷೆ ಮೂಡಿರುತ್ತಿತ್ತು. ಅದನ್ನು ಸಹಿಸಿಕೊಂಡೆ. ಒಂದು ದಿನ ಊಟದ ಡಬ್ಬಿಯ ಮುಚ್ಚಳ ಸಡಿಲವಾಗಿ ಬೆಂಡೆಕಾಯಿ ಹುಳಿ ಬ್ಯಾಗಿನಿಂದ ಬೆನ್ನಿಗೆ, ಬೆನ್ನಿನಿಂದ ಪ್ಯಾಂಟಿಗೆ ಇಳಿಯಿತು. ಬೆವರು ಅಂದುಕೊಂಡು ನಾನು ತುಳಿಯುತ್ತಲೇ ಇದ್ದೆ. ಆಫೀಸಿನಲ್ಲಿ ಪಕ್ಕದ ಮೇಜಿನವರು ಮೂಗರಳಿಸಿ, "ಸಾರ್, ಇಂಗಿನ ಒಗ್ಗರಣೆ ಅಲ್ವಾ?" ಅಂದಾಗಲೇ ತಿಳಿದದ್ದು. ಅವತ್ತೇ ತೀರ್ಮಾನಿಸಿದೆ, ಸೈಕಲ್ಲಿಗೊಂದು ಕ್ಯಾರಿಯರ್ ಬೇಕು.

ನಾನು ಸ್ವಲ್ಪ ಓದಿಕೊಂಡವನು. ಸುಮ್ಮನೆ ಅಂಗಡಿಗೆ ಹೋಗಿ ಒಂದು ಕ್ಯಾರಿಯರ್ ಕೊಡಪ್ಪ ಅನ್ನುವ ಜಾಯಮಾನ ನನ್ನದಲ್ಲ. ಕಂಪ್ಯೂಟರಿನಲ್ಲಿ ಪಟ್ಟಿ ತಯಾರಿಸಿದೆ: ತೂಕ, ಬೆಲೆ, ಲೋಹ, ತಿರುಪಿನ ಅಳತೆ. ಆಫೀಸಿನಲ್ಲೂ ಇದೇ ಕನವರಿಕೆ. ಮ್ಯಾನೇಜರು ಒಮ್ಮೆ, "ಏನು, ಬಹಳ ಯೋಚನೆಯಲ್ಲಿದ್ದೀರಿ?" ಅಂದರು. "ಕ್ಯಾರಿಯರ್ ಬಗ್ಗೆ ಸಾರ್" ಅಂದೆ. "ಬಿಟ್ಟು ಹೋಗ್ತಿದ್ದೀರಾ?" ಅಂತ ಕೇಳುವಾಗ ಅವರ ಮುಖದಲ್ಲಿ ಚಿಮ್ಮಿದ ಬೆಳಕನ್ನು ನಾನು ಎಂದೂ ಮರೆಯಲಾರೆ. ಸೈಕಲ್ಲಿನದು ಅಂತ ಬಿಡಿಸಿ ಹೇಳಿದ ಮೇಲೆ ಅದು ಆರಿತು.

ಮೊದಲು ಕೊಂಡದ್ದು ಸೀಟಿನ ಕಂಬಿಗೆ ಕಚ್ಚಿಸುವ ಕ್ಯಾರಿಯರ್. ಇದಕ್ಕೆ ಕಾಲುಗಳಿಲ್ಲ. ಸೀಟಿನ ಕೆಳಗಿನ ಕೊಳವೆಗೆ ಒಂದು ಪಟ್ಟಿ ಬಿಗಿದರೆ ಹಿಂದಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಎರಡು ನಿಮಿಷದ ಕೆಲಸ, ನೋಡಲು ಲಕ್ಷಣ. 10 ಕಿಲೋ ತಡೆಯುತ್ತದೆ ಅಂತ ಬರೆದಿತ್ತು. ತಡೆಯುತ್ತದೆ, ಸುಳ್ಳಲ್ಲ. ಆದರೆ ಕೆಳಗೆ ಆಧಾರವಿಲ್ಲದ ಹೊರೆ ದುಂಡಗಿನ ಕೊಳವೆಯನ್ನು ಒಂದೇ ಕಡೆ ಹಿಡಿದುಕೊಂಡಿದ್ದರೆ ಪ್ರತಿ ಹಂಪಿಗೂ ಒಂದು ಕೂದಲೆಳೆಯಷ್ಟು ತಿರುಗುತ್ತದೆ. ನಮ್ಮ ಮನೆಯಿಂದ ಆಫೀಸಿನವರೆಗೆ ಹಂಪು ಹದಿನೇಳು. ಮನೆ ಬಿಡುವಾಗ ನನ್ನ ಬೆನ್ನ ಹಿಂದೆ ನೆಟ್ಟಗಿದ್ದ ಡಬ್ಬಿ ಆಫೀಸಿನ ಗೇಟಿಗೆ ಬರುವಾಗ ನನ್ನ ಎಡಗಡೆಗೆ ಬಂದು ಜೊತೆಯಲ್ಲೇ ಸವಾರಿ ಮಾಡುತ್ತಿತ್ತು. ವಾಚ್‌ಮನ್ ಸೆಲ್ಯೂಟ್ ಹೊಡೆದು, "ಸಾರ್, ಊಟ ನಿಮ್ಮನ್ನ ಓವರ್‌ಟೇಕ್ ಮಾಡ್ತಿದೆ" ಅಂದ.

ಎರಡನೆಯದು ಬುಟ್ಟಿ. ಹ್ಯಾಂಡಲ್ ಮುಂದೆ ತಗುಲಿಸಿದರೆ ಸಾಮಾನು ಕಣ್ಣೆದುರೇ ಇರುತ್ತದೆ, ತಿರುಗಿ ನೋಡುವ ಕಷ್ಟವಿಲ್ಲ. ಹೊಸದಕ್ಕೆ ದುಡ್ಡು ಹಾಕುವುದೇಕೆ ಅಂತ ಅಟ್ಟ ಹತ್ತಿ, ಮಗಳು ಸ್ಕೂಲಿಗೆ ಹೋಗುತ್ತಿದ್ದಾಗಿನ ಲೇಡಿಬರ್ಡ್ ಸೈಕಲ್ಲಿನ ಬುಟ್ಟಿ ಇಳಿಸಿದೆ. ಗುಲಾಬಿ ಬಣ್ಣ, ಮುಂದೆ ಒಂದು ಪ್ಲಾಸ್ಟಿಕ್ ಹೂವು. ಬುಟ್ಟಿ ಗಟ್ಟಿಯಾಗಿತ್ತು, ಹೂವು ಅದಕ್ಕಿಂತ ಗಟ್ಟಿ, ಸ್ಕ್ರೂಡ್ರೈವರ್‌ಗೂ ಜಗ್ಗಲಿಲ್ಲ. ಹಾಗೇ ಹೋದೆ. "ಅಪ್ಪಾ, ನಮ್ಮ ಕಾಲೇಜ್ ಮುಂದೆ ಮಾತ್ರ ಹೋಗ್ಬೇಡಿ" ಅಂತ ಮಗಳು ಕೈಮುಗಿದು ಕೇಳಿಕೊಂಡಳು.

ಮಾನ ಹೋದರೆ ಹೋಗಲಿ, ಹ್ಯಾಂಡಲ್ ಕೈಗೆ ಸಿಕ್ಕಿದ್ದರೆ ಸಾಕಿತ್ತು. ಹ್ಯಾಂಡಲ್ಲಿಗೆ ತಗುಲಿಸಿದ ಬುಟ್ಟಿಯೊಳಗಿನ ಭಾರ ಹ್ಯಾಂಡಲ್ ತಿರುಗಿದ ಕಡೆಗೇ ತಿರುಗುತ್ತದೆ. ಒಂದಿಷ್ಟು ವಾಲಿಸಿದರೆ ಉಳಿದದ್ದನ್ನು ಅದೇ ವಾಲಿಸಿಕೊಳ್ಳುತ್ತದೆ. ಎರಡು ಲೀಟರ್ ಹಾಲು, ಒಂದು ಕಿಲೋ ಟೊಮೆಟೊ ಇರುವ ತನಕ ಸಾಧು ಪ್ರಾಣಿ. ಐದು ಕಿಲೋ ದಾಟಿತೋ, ಎಮ್ಮೆ ಮೂಗುದಾರ ಹಿಡಿದು ನಡೆಸಿದ ಹಾಗೆ. ನಾಲ್ಕು ತೆಂಗಿನಕಾಯಿ ಹಾಕಿಕೊಂಡು ಬಂದ ದಿನ ನಾನು ಬಲಕ್ಕೆ ತಿರುಗಬೇಕು ಅಂದುಕೊಂಡಿದ್ದೆ. ಕಾಯಿಗಳು ಎಡಕ್ಕೆ ಅಂತ ತೀರ್ಮಾನಿಸಿದ್ದವು. ಬಹುಮತಕ್ಕೆ ಮಣಿದು ಚರಂಡಿಯ ತನಕ ಹೋಗಿ ಬಂದೆ. ನಿಲ್ಲಿಸಿದಾಗ ಇನ್ನೂ ಮೋಜು. ಅಷ್ಟರಲ್ಲಿ ಸೈಡ್ ಸ್ಟ್ಯಾಂಡ್ ಒಂದನ್ನು ಹಾಕಿಸಿದ್ದೆ. ಸೈಕಲ್ಲನ್ನು ಅದರ ಮೇಲೆ ವಾಲಿಸಿ ಕೈಬಿಟ್ಟರೆ ಮುಂದಿನ ಚಕ್ರ ನಿಧಾನವಾಗಿ, ಬಹಳ ನಿಧಾನವಾಗಿ, ಕತ್ತು ತಿರುಗಿಸುತ್ತದೆ. ನಾವು ನೋಡುತ್ತ ನಿಲ್ಲಬಹುದು. ಆಮೇಲೆ ಎಲ್ಲ ಒಟ್ಟಿಗೆ ಕೆಳಗೆ.

ಮೂರನೆಯ ಸಲ ನಾನು ಶಾಸ್ತ್ರೋಕ್ತವಾಗಿ ಹೋದೆ. ಭಾರ ಎಷ್ಟು ಕೆಳಗಿದ್ದು, ಎರಡೂ ಕಡೆ ಎಷ್ಟು ಸಮನಾಗಿದ್ದರೆ ಸೈಕಲ್ಲು ಅಷ್ಟು ನೆಟ್ಟಗೆ ನಡೆಯುತ್ತದೆ. ಅದಕ್ಕೆ ಅಂತಲೇ ಮಾಡಿದ ಜೋಡಿ ಚೀಲ ಪ್ಯಾನಿಯರ್. ಹಿಂದಿನ ಚಕ್ರದ ಎಡಕ್ಕೊಂದು ಬಲಕ್ಕೊಂದು ನೇತು ಹಾಕುವುದು. ಹೆಸರಿನ ಮೂಲ ಲ್ಯಾಟಿನ್, ಬ್ರೆಡ್ಡಿನ ಬುಟ್ಟಿ ಅಂತ ಅರ್ಥ. ಮಳೆಗೆ ನೆನೆಯದ್ದು, ಬೆಲೆಯಲ್ಲಿ ನಾನೇ ನೆನೆದೆ. ಪೆಟ್ಟಿಗೆ ಬಂದ ದಿನ ಎರಡೂ ಚೀಲಗಳನ್ನು ಹಾಲಿನಲ್ಲಿ ಇಟ್ಟು ಮನೆಯವರಿಗೆಲ್ಲ ಪ್ರವಚನ ಕೊಟ್ಟೆ. ಲ್ಯಾಟಿನ್ ಭಾಗವನ್ನು ಎರಡು ಸಲ ಹೇಳಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಮುಟ್ಟಿ ನೋಡಿದರು.

"ಇದು ಕಂಟಲೆ ಅಲ್ವೇನೋ?"

"ಅಲ್ಲಮ್ಮ, ಪ್ಯಾನಿಯರ್."

"ಅದೇ ಕಣೋ, ಕಂಟಲೆ. ನಮ್ಮೂರಲ್ಲಿ ಉಪ್ಪು ಮಾರೋನು ಬರ್ತಿದ್ದ. ಕತ್ತೆ ಬೆನ್ನ ಮೇಲೆ ಆ ಕಡೆಗೊಂದು ಈ ಕಡೆಗೊಂದು ಚೀಲ ಇಳೀ ಬಿಟ್ಟಿರ್ತಿದ್ದ." ಸ್ವಲ್ಪ ತಡೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೆ ಸರಿಯಾಗತ್ತೆ ಬಿಡು" ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಪ್ಯಾನಿಯರ್ ಅನ್ನುವ ಪದವನ್ನು ಯಾರೂ ಬಳಸಿಲ್ಲ. "ಕಂಟಲೆ ಎಲ್ಲಿಟ್ರಿ?" "ಕಂಟಲೆ ಒಣಗಿದ್ಯಾ?" ಅಂತಲೇ ಮಾತು. ಕಂಟಲೆ ಹೊರುವುದು ಯಾವ ಪ್ರಾಣಿ ಅಂತ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳುವುದಿಲ್ಲ.

ಕಂಟಲೆಗಳನ್ನು ನೇತು ಹಾಕಲು ಕಾಲಿರುವ ಕ್ಯಾರಿಯರ್ ಬೇಕಲ್ಲ? ಪೆಟ್ಟಿಗೆಯಲ್ಲಿ ಅದಿರಲಿಲ್ಲ. ಅಲ್ಯೂಮಿನಿಯಂನದು ಒಂದನ್ನು ತರಿಸಿದೆ, ಹಗುರವಾಗಿರಲಿ ಅಂತ. 87 ಕಿಲೋ ತೂಗುವ ನಾನು ಕ್ಯಾರಿಯರಿನಲ್ಲಿ 300 ಗ್ರಾಂ ಉಳಿಸಿದೆ. ಅದು ಮೂರನೇ ವಾರಕ್ಕೆ ಬೆಸುಗೆಯ ಹತ್ತಿರ ಬಿರುಕು ಬಿಟ್ಟಿತು. ವೆಲ್ಡಿಂಗ್ ಅಂಗಡಿಯವನು ಉಗುರಿನಲ್ಲಿ ಟಣ್ ಅನಿಸಿ, "ಕಬ್ಬಿಣ ಆಗಿದ್ರೆ ಹತ್ತು ನಿಮಿಷ. ಇದು ನಮ್ಮ ಕೈಲಿ ಆಗಲ್ಲ ಸಾರ್" ಅಂತ ವಾಪಸ್ ಕೊಟ್ಟ.

ಆಗಲೇ ಅಪ್ಪನ ಅಟ್ಲಾಸ್ ಸೈಕಲ್ಲು ನೆನಪಾದದ್ದು. ಅಪ್ಪ ಕ್ಯಾರಿಯರನ್ನು ಯಾವತ್ತೂ ಆರಿಸಿದವರಲ್ಲ. ಸೈಕಲ್ಲು ಅಂದರೆ ಅದರಲ್ಲಿ ಕ್ಯಾರಿಯರ್ ಇತ್ತು, ಮನುಷ್ಯ ಅಂದರೆ ಬೆನ್ನು ಇರುವ ಹಾಗೆ. ಕಪ್ಪು ಕಬ್ಬಿಣ, ಮೇಲೊಂದು ಸ್ಪ್ರಿಂಗಿನ ಹಿಡಿಕೆ. ಅದಕ್ಕೆ ಸಿಕ್ಕಿಸಿದ ಪುಸ್ತಕದ ರಟ್ಟಿನ ಮೇಲೆ ಎರಡು ಗೆರೆ ಬೀಳುತ್ತಿತ್ತು, ನನ್ನ ಹೈಸ್ಕೂಲಿನ ಅಟ್ಲಾಸಿನಲ್ಲಿ ಆ ಅಟ್ಲಾಸಿನ ಗುರುತು ಈಗಲೂ ಇದೆ. ಗಿರಣಿಗೆ ರಾಗಿ ಡಬ್ಬ ಹೋಗುತ್ತಿದ್ದದ್ದು ಅದರ ಮೇಲೆ. ನಾನು ಮುಂದೆ ಬಾರಿನ ಮೇಲೆ ಟವೆಲ್ ಸುತ್ತಿಕೊಂಡು, ಅಕ್ಕ ಹಿಂದೆ ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಬಿಟ್ಟುಕೊಂಡು ಸಿನಿಮಾಕ್ಕೆ ಹೋಗುತ್ತಿದ್ದದ್ದೂ ಅದರಲ್ಲೇ. ಗ್ಯಾಸ್ ಸಿಲಿಂಡರಿನ ಒಳಗೆ 14.2 ಕಿಲೋ ಗ್ಯಾಸು, ಹೊರಗಿನ ಕಬ್ಬಿಣ ಹೆಚ್ಚುಕಡಿಮೆ ಅಷ್ಟೇ ತೂಕ; ಒಟ್ಟು 30 ಕಿಲೋದ ಆಸುಪಾಸು. ಅದೂ ಬರುತ್ತಿತ್ತು. ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಸಿಲಿಂಡರ್ ಬರುತ್ತಿದ್ದ ದಿನ ಅಪ್ಪ ಸೈಕಲ್ ಹತ್ತುತ್ತಲೇ ಇರಲಿಲ್ಲ. ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಸಿಲಿಂಡರ್ ಮೇಲೆ, ಉದ್ದಕ್ಕೂ ತಳ್ಳಿಕೊಂಡೇ ಬರುತ್ತಿದ್ದರು. ಎಳನೀರಿನ ಗೊನೆಗಳನ್ನು ಇಳಿಬಿಟ್ಟುಕೊಂಡು ಬರುವವರನ್ನು ನೋಡಿ, ಅವರೂ ಹಾಗೆಯೇ, ಪಕ್ಕದಲ್ಲಿ ನಡೆಯುತ್ತಿರುತ್ತಾರೆ. ಸೈಕಲ್ಲಿನ ಮೇಲೆ ಹೊರೆಯೂ ಇರಬೇಕು ನಾನೂ ಇರಬೇಕು ಅನ್ನುವ ದುರಾಸೆ ನನ್ನೊಬ್ಬನದೇ.

ಸರಿ, ನಮ್ಮ ಬೀದಿ ಮೂಲೆಯ ಸೈಕಲ್ ಶಾಪಿಗೆ ಹೋದೆ. ಯಜಮಾನರು ನನ್ನ ಕಂಪ್ಯೂಟರ್ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡರು. ಬಾಯಲ್ಲಿ ಎಲೆಯಡಿಕೆ ಇದ್ದದ್ದರಿಂದ ನಡುವೆ ಮಾತಾಡಲಿಲ್ಲ. ಆಮೇಲೆ ಆಚೆ ಹೋಗಿ ಉಗಿದು ಬಂದು, ಮೇಲಿನಿಂದ ಒಂದು ಸ್ಟೀಲ್ ಕ್ಯಾರಿಯರ್ ಇಳಿಸಿದರು. "ಇದು ಬಗ್ಗತ್ತೆ ಸಾರ್, ಮುರಿಯಲ್ಲ. ಬಗ್ಗಿದ್ರೆ ತನ್ನಿ, ಸುತ್ತಿಗೇಲಿ ಸರಿ ಮಾಡ್ತೀನಿ."

ಡಿಸ್ಕ್ ಬ್ರೇಕು ಅಡ್ಡ ಬರುತ್ತಿತ್ತು. ಆ ಕಡೆಯ ಕಾಲಿಗೆ ಒಂದು ಸಣ್ಣ ಕೊಳವೆ ತುಂಡು ಕೊಟ್ಟು, ಉದ್ದದ ಬೋಲ್ಟು ಹಾಕಿ, ಕಾಲನ್ನು ಹೊರಕ್ಕೆ ಸರಿಸಿದರು. ಬೋಲ್ಟಿಗೆ ಒಳಗಡೆ ನೈಲಾನ್ ಬಳೆ ಇರುವ ನಟ್ಟು; ಅಲುಗಾಟಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಆದರೂ ವಾರಕ್ಕೊಮ್ಮೆ ಕೈಯಲ್ಲಿ ಅಲುಗಾಡಿಸಿ ನೋಡಿ ಅಂದರು. ಕಂಟಲೆಗಳನ್ನು ನೇತು ಹಾಕಿ ತುಳಿದು ತೋರಿಸಿದೆ. ಪ್ರತಿ ಸುತ್ತಿಗೂ ಹಿಮ್ಮಡಿ ಚೀಲಕ್ಕೆ ಬಡಿಯುತ್ತಿತ್ತು. "ಕಾಲು ಎಷ್ಟನೇ ನಂಬರ್ ಸಾರ್?" ಹತ್ತು ಅಂದೆ. "ಚೀಲ ಹಿಂದಕ್ಕೆ ಎಳೆದ್ರೆ ಕಾಲಿಗೆ ತಾಗಲ್ಲ. ಆದ್ರೆ ಬಹಳ ಎಳೆದ್ರೆ ಮುಂದಿನ ಚಕ್ರ ಹಗುರ ಆಗತ್ತೆ." ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಮುಗಿಸಿದರು. ಕೊನೆಗೆ ಹಳೆಯ ಟ್ಯೂಬಿನಿಂದ ಉದ್ದಕ್ಕೆ ಎರಡು ಪಟ್ಟಿ ಕತ್ತರಿಸಿ ಕ್ಯಾರಿಯರಿಗೆ ಸುತ್ತಿದರು. ನಾನು ಕೊಂಡಿಟ್ಟಿದ್ದ ಕೊಕ್ಕೆಯ ಎಲಾಸ್ಟಿಕ್ ಹಗ್ಗವನ್ನು ತೋರಿಸಿದೆ. "ಕೊಕ್ಕೆ ಬಿಟ್ಟು ಕಡ್ಡಿಗೆ ಸಿಕ್ಕಿದ್ರೆ ಆಸ್ಪತ್ರೆಗೇ ಸಾರ್" ಅಂತ ಅದನ್ನು ಮಡಿಸಿ ನನ್ನ ಜೇಬಿಗೆ ಹಾಕಿದರು. ಟ್ಯೂಬಿಗೆ ಎಷ್ಟು ಅಂತ ಕೇಳಿದ್ದಕ್ಕೆ ನಕ್ಕುಬಿಟ್ಟರು. ನಾಲ್ಕು ತಿಂಗಳಲ್ಲಿ ನಾನು ಒಟ್ಟುಹಾಕಿದ ಸರಂಜಾಮಿನಲ್ಲಿ ಇವತ್ತಿನವರೆಗೆ ಒಂದು ದಿನವೂ ಕೈಕೊಡದ್ದು ಆ ಟ್ಯೂಬು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬಹುದಿತ್ತು. ಮನೆಗೆ ಬಂದು ಹೆಮ್ಮೆಯಿಂದ, "ನೋಡು, ಇದರ ಮೇಲೆ ಏನು ಬರೆದಿದೆ ಓದು" ಅಂತ ನಾನು ಹೇಳದೆ ಇದ್ದಿದ್ದರೆ.

ಅವಳು ಬಗ್ಗಿ ಓದಿದಳು. "ಗರಿಷ್ಠ 25 ಕಿಲೋ."

ಅವಳ ಮುಖದಲ್ಲಿ ಏನೋ ಬದಲಾದದ್ದನ್ನು ನಾನು ಗಮನಿಸಲಿಲ್ಲ. "ನಿಮ್ಮ ಆಫೀಸ್ ಬ್ಯಾಗು ಎಷ್ಟಿದೆ?" ಅಂದಳು. ಡಬ್ಬಿ ಸೇರಿ ನಾಲ್ಕು ಕಿಲೋ ಅಂದೆ. "ಅಂದ್ರೆ ಇನ್ನೂ 21 ಮಿಕ್ಕಿದೆ."

ಸರ್ಕಾರಿ ಇಲಾಖೆಗಳಲ್ಲಿ ಮಾರ್ಚ್ ತಿಂಗಳು ಬಂದಾಗ ಉಳಿದ ಅನುದಾನವನ್ನು ಹೇಗೆ ನೋಡುತ್ತಾರೋ, ಹಾಗೆ ನೋಡಲಾರಂಭಿಸಿದಳು ಆ 21 ಕಿಲೋವನ್ನು. ಖರ್ಚಾಗದೆ ಉಳಿದರೆ ನಷ್ಟ. ಹೋಗುವಾಗ 10 ಕಿಲೋ ರಾಗಿ ಗಿರಣಿಗೆ; ಬರುವಾಗ ಅದೇ ಹಿಟ್ಟು, ಜೊತೆಗೆ ದೇವರಾಜ ಮಾರುಕಟ್ಟೆಯಿಂದ ತರಕಾರಿ. ಮಾರುಕಟ್ಟೆ ದಾರಿಯಲ್ಲಿ ಸಿಗುವುದಿಲ್ಲವಲ್ಲ ಅಂದರೆ, "ಡಾಕ್ಟರು ಜಾಸ್ತಿ ತುಳೀರಿ ಅಂದಿದ್ರಲ್ಲ" ಅನ್ನುತ್ತಾಳೆ. ಈರನಗೆರೆ ಬದನೆಕಾಯಿ ನಮ್ಮ ಬೀದಿಯಲ್ಲೂ ಸಿಗುತ್ತದೆ ಅಂದೆ. ಅಲ್ಲಿಯದು ಎಳಸು ಅಂದಳು. ಬಾಳೆ ಎಲೆಯ ಕಟ್ಟು ತೂಕವಿಲ್ಲ, ಹಾಗಾಗಿ ಅದು ಲೆಕ್ಕಕ್ಕೇ ಬರುವುದಿಲ್ಲ. ಕ್ಯಾರಿಯರಿನ ಮೇಲೆ ಅಡ್ಡಡ್ಡ ಕಟ್ಟಿಕೊಂಡು ಬಂದರೆ ಎರಡೂ ಕಡೆ ರೆಕ್ಕೆ ಬಿಚ್ಚಿ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ಬಸ್ಸಿನ ಜಾಗ ಹಿಡಿಯುತ್ತದೆ ಅಷ್ಟೆ. ಸುದ್ದಿ ಕಾಂಪೌಂಡ್ ದಾಟಿತು. "ಹೇಗೂ ಅಂಕಲ್ ಬರ್ತಾರಲ್ಲ" ಅನ್ನುವ ವಾಕ್ಯ ನಮ್ಮ ಬೀದಿಯಲ್ಲಿ ಹುಟ್ಟಿತು. ಎದುರು ಮನೆಯವರ ಕಾಫಿಪುಡಿ, ಪಕ್ಕದ ಮನೆಯವರ ಇಸ್ತ್ರಿ ಬಟ್ಟೆ. ನಾನು ಹಳೆಯ ಆಯುಧವನ್ನು ಒಮ್ಮೆ ಪ್ರಯೋಗಿಸಿ ನೋಡಿದೆ.

"ಎಲ್ಲಿಡಲಿ?"

"ಕಂಟಲೇಲಿ," ಅಂದರು ಮೂರು ಕಡೆಯಿಂದ ಮೂವರು.

ಸಕ್ಕರೆ ಇಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಡಾಕ್ಟರು ರಿಪೋರ್ಟು ನೋಡಿ ಬೆನ್ನು ತಟ್ಟಿ, ಕ್ಲಿನಿಕ್ಕಿಗೆ ಬರುವಾಗ ಚಿಕ್ಕ ಗಡಿಯಾರದ ಹತ್ತಿರ ಒಳ್ಳೆ ವೀಳ್ಯದೆಲೆ ಸಿಕ್ಕಿದರೆ ಒಂದು ಕಟ್ಟು ತರುವುದಕ್ಕಾಗುತ್ತದೆಯೇ ಅಂತ ವಿಚಾರಿಸಿದರು.

ಹೀಗಿರುವಾಗ ಆಯುಧಪೂಜೆ ಬಂತು. ದಸರಾ ಹೊತ್ತಿನಲ್ಲಿ ಅರಮನೆಯ ಸುತ್ತ ಕಾರು ತೆಗೆದುಕೊಂಡು ಹೋಗುವುದು, ಒಂದು ಏಕಮುಖ ರಸ್ತೆಯಿಂದ ಇನ್ನೊಂದಕ್ಕೆ ಬಿದ್ದು ಕೊನೆಗೆ ಹೊರಟಲ್ಲಿಗೇ ಬಂದು ಸೇರುವುದು, ಮೈಸೂರಿನವರಿಗೆ ಗೊತ್ತಿರುವ ಸುಖ. ಸೈಕಲ್ಲಿಗೆ ಆ ಬಾಧೆ ಕಡಿಮೆ. ಆದ್ದರಿಂದ ಮಾರುಕಟ್ಟೆಗೆ ನನ್ನನ್ನೇ ಅಟ್ಟಿದರು. ಸೇವಂತಿಗೆ ಎರಡು ಮಾರು, ಮಾವಿನ ಸೊಪ್ಪು, ನಿಂಬೆಹಣ್ಣು, ಬಾಳೆಹಣ್ಣು, ಎರಡು ಬಾಳೆಕಂದು, ಪುರಿ, ಒಂದು ಬೂದುಗುಂಬಳ. ಕಂಟಲೆ ಎರಡೂ ತುಂಬಿದವು. ಬಾಳೆಕಂದನ್ನು ಟ್ಯೂಬಿನಲ್ಲಿ ಕ್ಯಾರಿಯರಿನ ಮೇಲೆ ಬಿಗಿದೆ. ಪುರಿ ಚೀಲ ಅದರ ಮೇಲೆ. ಏಳು ಕಿಲೋದ ಬೂದುಗುಂಬಳ ಮಾತ್ರ ಎಲ್ಲೂ ಹಿಡಿಯಲಿಲ್ಲ. ಗುಲಾಬಿ ಬುಟ್ಟಿಯನ್ನು ನಾನು ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಿದರೆ ಹೆಲ್ಮೆಟ್ ಇಡಲು ಜಾಗವಿಲ್ಲ ಅಂತ ನೆಪ. ಕುಂಬಳಕಾಯಿಯನ್ನು ಅದರಲ್ಲಿ ಕೂರಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಐದು ಕಿಲೋಮೀಟರ್ ನಾನು ಹ್ಯಾಂಡಲ್ ಜೊತೆ ಗುದ್ದಾಡಿದ ರೀತಿಯನ್ನು ಜಂಬೂಸವಾರಿಯ ಹಿಂದಿನ ದಿನ ಊರಿಗೆ ಬಂದಿದ್ದ ಪ್ರವಾಸಿಗರು ಬೇಕಾದಷ್ಟು ಫೋಟೋ ತೆಗೆದಿದ್ದಾರೆ. ಬೀಳಲಿಲ್ಲ. ಒಂದು ಸಲವೂ ಬೀಳಲಿಲ್ಲ. ಅದೇ ಅಹಂಕಾರ ಇರಬೇಕು, ಮನೆಯ ಮುಂದೆ ಇಳಿದವನು ಸೈಡ್ ಸ್ಟ್ಯಾಂಡ್ ಹಾಕಿ, ಕೈಬಿಟ್ಟು, "ಏನೇ, ಬಂದೆ ನೋಡು!" ಅಂತ ಗೇಟಿನ ಕಡೆ ತಿರುಗಿದೆ.

ಹಿಂದೆ ಮುಂದಿನ ಚಕ್ರ ನಿಧಾನವಾಗಿ ಕತ್ತು ತಿರುಗಿಸಿತು.

ಸೈಕಲ್ಲು ಬಿದ್ದ ಸದ್ದಿಗಿಂತ ಆಮೇಲೆ ಕೇಳಿದ ಗಡಗಡ ಸದ್ದು ಭಯಂಕರವಾಗಿತ್ತು. ನಮ್ಮ ಬೀದಿ ಸ್ವಲ್ಪ ಇಳಿಜಾರು. ಬೂದುಗುಂಬಳ ಬುಟ್ಟಿಯಿಂದ ಇಳಿದು, ನಮ್ಮ ಗೇಟನ್ನು ದಾಟಿ, ಪಕ್ಕದ ಮನೆಯ ರಂಗೋಲಿಯ ನಟ್ಟನಡುವೆ ಹೋಗಿ ಮೋರಿಕಲ್ಲಿಗೆ ಬಡಿದು ಎರಡು ಹೋಳಾಯಿತು. ಅಲ್ಲಿ ಅವರ ಕಾರು ಫಳಫಳ ಹೊಳೆಯುತ್ತ, ಹೂವಿನ ಹಾರ ಹಾಕಿಕೊಂಡು ಪೂಜೆಗೆ ನಿಂತಿತ್ತು. ದೃಷ್ಟಿ ತೆಗೆದು ಒಡೆಯುವ ಕುಂಬಳಕಾಯಿಯನ್ನು ಬೇರೆಯವರ ಬಾಗಿಲಲ್ಲಿ ಒಡೆದರೆ ಏನರ್ಥ ಅಂತ ಆ ಮನೆಯ ಆಂಟಿ ನನಗೆ ವಿವರಿಸಬೇಕಾಗಿರಲಿಲ್ಲ, ಆದರೂ ವಿವರಿಸಿದರು. ಇನ್ನೂ ದೃಷ್ಟಿ ತೆಗೆದೇ ಇಲ್ಲ, ಇದು ಬರೀ ತರಕಾರಿ ಅಂತ ನಾನು ವಾದಿಸಿದೆ. ಅಮ್ಮ ಜಗಲಿಯಿಂದಲೇ, "ದಾರಿ ಉದ್ದಕ್ಕೂ ಊರಿನವರೆಲ್ಲ ಇವನನ್ನ ನೋಡಿ ನಕ್ಕಿರ್ತಾರೆ. ದೃಷ್ಟಿ ತಾಗಿಯೇ ಇರತ್ತೆ ಬಿಡಿ" ಅಂತ ನನ್ನ ವಾದವನ್ನು ಮುಗಿಸಿದರು.

ಸಂಧಾನವಾಯಿತು. ನಾನು ರಂಗೋಲಿ ತೊಳೆದುಕೊಟ್ಟೆ. ಅಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರು, ಪ್ಲಾಸ್ಟಿಕ್ ಹೂವಿನ ಮೇಲೊಂದು ನಿಜವಾದ ಹೂವು ಇಟ್ಟರು. ನನ್ನಾಕೆ ಖಾಲಿ ಕಂಟಲೆಗಳನ್ನು ಒರೆಸಿ ಮತ್ತೆ ನೇತು ಹಾಕಿ, "ಮುಹೂರ್ತಕ್ಕೆ ಇನ್ನೂ ಒಂದೂವರೆ ಗಂಟೆ ಇದೆ ರೀ" ಅಂದಳು.

ಈ ಸಲ ಎರಡು ಬೂದುಗುಂಬಳ, ಎಡಕ್ಕೊಂದು ಬಲಕ್ಕೊಂದು. ಒಂದು ನಮ್ಮ ಸೈಕಲ್ಲಿಗೆ, ಇನ್ನೊಂದು ಪಕ್ಕದ ಮನೆಯ ಕಾರಿಗೆ. ಕಾರಿನಲ್ಲಿ ಅವರೇ ಹೋಗಿ ತರಬಹುದಿತ್ತು. ಆದರೆ ತೊಳೆದು ಹಾರ ಹಾಕಿಯಾಗಿದೆ, ಈಗ ಆಚೆ ತೆಗೆದರೆ ಕೊಳೆಯಾಗುತ್ತದಂತೆ.